ಹದಿಮೂರರ ಹಮ್ಮೂ

ಐತ್ ತಮಾನ್
ಹೊಲದ ಲೆಕ್ಕದಲ್ಲಿ ಮೇ 14, 1994

ತಮ್ಮ ಬೀಹಿಗೆ ಅಕ್ಕ ತೂದಾಳ ಸಲಾಂ.

ನೀನು ಕಳಿಸಿದ ಸಕ್ಕರೆ ಗಟ್ಟಿಯೂ ಇಜ್ಜಾಳ ಚಪ್ಪಲಿಯೂ ಸಂತೆಯ ವ್ಯಾನಿನಲ್ಲಿ ಬಂದು ಸೇರಿದವು. ಚಪ್ಪಲಿ ಒಂದು ಬೆರಳು ದೊಡ್ಡದು. ಅಕ್ಕನ ಮಗಳನ್ನು ಎರಡು ವರ್ಷ ಕಣ್ಣಲ್ಲಿ ಕಾಣದ ಮಾವ ಅಳತೆ ಎಲ್ಲಿಂದ ತಂದಾನು ಅಂದುಕೊಂಡು ತುದಿಗೆ ಉಣ್ಣೆ ತುರುಕಿ ಕೊಟ್ಟಿದ್ದೇನೆ. ಮಲಗುವಾಗಲೂ ಹಾಕಿಕೊಂಡೇ ಮಲಗುತ್ತಾಳೆ.

ಈ ವರ್ಷ ಹುಲ್ಲಿನ ಯಜಮಾನಿಕೆ ನಿನ್ನ ಭಾವನಿಗೆ ಬಂದಿದೆ. ಕೇಳಿ ಪಡೆಯುವ ಕೆಲಸವಲ್ಲ ಅದು, ನಿನಗೆ ಗೊತ್ತು. ಅಸ್ಗೂರಿನ ಬಯಲನ್ನು ಮೇಯಿಸದಂತೆ ಮುಚ್ಚುವ ಮುಂಚೆ ನಮ್ಮೂರಿನವರೂ ಐತ್ ಬೂಗ್ನಾದವರೂ ಒಟ್ಟಿಗೆ ಕೂತು, ಯಾರ ಮಾತಿಗೆ ತೂಕವಿದೆ ಅಂತ ನೋಡಿ ಹೆಗಲಿಗೆ ಹೊರಿಸುತ್ತಾರೆ. ಮಾರ್ಚ್ 15ರಿಂದ ಇವರು ದಿನಾ ಮೇಲೆ ಹೋಗಿ ಸುಣ್ಣ ಬಳಿದ ಗಡಿಕಲ್ಲುಗಳ ಉದ್ದಕ್ಕೂ ನಡೆದು ಬರುತ್ತಾರೆ. ಮೂಗಿನ ಸಿಪ್ಪೆ ಎದ್ದುಹೋಗಿದೆ. ಮೊನ್ನೆ ತಮ್ಮ ಸ್ವಂತ ಚಿಕ್ಕಪ್ಪನ ಎರಡು ಆಡು ಹಿಡಿದು ದಂಡ ಹಾಕಿ ಬಂದರು. "ಅಲ್ಲ ರೀ, ಚಿಕ್ಕಪ್ಪನ ಆಡು" ಅಂದೆ. "ಚಿಕ್ಕಪ್ಪನ ಆಡಿಗೆ ಹಲ್ಲು ಬೇರೆ ಇರುತ್ತಾ?" ಅಂದರು. ಚಿಕ್ಕಪ್ಪ ಈಗ ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಆಕಾಶ ನೋಡಿಕೊಂಡು ಹೋಗುತ್ತಾನೆ.

ಹುಲ್ಲು ಈ ಸಲ ಮೊಣಕಾಲು ಮುಟ್ಟಿದೆ, ಹಳದಿ ಹೂವು ಈಗಲೇ ಕಣ್ಣು ಬಿಟ್ಟಿದೆ. ನಿನ್ನ ಬೆಲ್ಜಿಯಂ ಪ್ರವಾಸಿಗರನ್ನು ಯಾವಾಗ ಕರೆತರಬಹುದು ಅಂತ ಕೇಳಿದ್ದೆಯಲ್ಲ, ಬಯಲು ತೆರೆಯುವುದು ಜೂನ್ 28. ಅಲ್ಲಿ ಕಾಲಿಗೆ ಎಂದೂ ತಡೆಯಿಲ್ಲ, ಬಾಯಿಗೆ ತಡೆ. ನಿನ್ನವರು ಯಾವಾಗ ಬೇಕಾದರೂ ನಡೆಯಲಿ, ಸಾಮಾನು ಹೊರುವ ಹೇಸರಗತ್ತೆ ಮಾತ್ರ ಆ ದಿನಕ್ಕೆ ಮುಂಚೆ ಕಲ್ಲು ದಾಟುವಂತಿಲ್ಲ.

ಅಪ್ಪ ಅಮ್ಮ ಹೋದಮೇಲೆ ನಿನಗೆ ನಾನು, ನನಗೆ ನೀನು. ಆ ಜನರ ನೆಪದಲ್ಲಾದರೂ ಒಮ್ಮೆ ಬಂದು ಹೋಗು.

ತೂದಾ

———

ಮರ್ರಾಕೆಶ್
ಜೂನ್ 6, 1994

ಅಕ್ಕನಿಗೆ ಬೀಹಿಯ ಸಲಾಂ.

ಪತ್ರ ಸಿಕ್ಕಿತು. ಕಂಪನಿಯ ಬಾಗಿಲಲ್ಲೇ ಒಡೆದು ಓದಿದೆ. 28 ಅಂತ ಕಂಡ ಕೂಡಲೇ ಒಳಗೆ ಹೋಗಿ ಹಲಗೆಯ ಮೇಲೆ ಬರೆದುಬಿಟ್ಟೆ. ಒಂಬತ್ತು ಜನ, ಆರು ಹೇಸರಗತ್ತೆ. ಇದೇ 28ರ ಮಂಗಳವಾರ ಸಂಜೆ ಅಸ್ಗೂರಿನಲ್ಲಿ ಡೇರೆ, ಎರಡು ರಾತ್ರಿ.

ನಮ್ಮ ಸಾಹುಕಾರ ಸಿ ಜಮಾಲ್ ಕುಣಿದಾಡುತ್ತಿದ್ದಾರೆ. ಅಸ್ಗೂರಿನ ಚಿತ್ರ ಹಾಕಿ, ಅದರ ಕೆಳಗೆ 'ಯಾರ ಬೇಲಿಯೂ ಇಲ್ಲದ ಹೂವಿನ ಬಯಲು' ಅಂತ ಅಚ್ಚು ಹಾಕಿಸಿದ್ದಾರೆ. "ಬೆಟ್ಟ ಸರ್ಕಾರದ್ದು, ನೋಟ ದೇವ್ರದ್ದು, ಟಿಕೇಟು ನಮ್ಮದು ಕಣೋ ಬೀಹಿ" ಅನ್ನುತ್ತಾರೆ. ಈ ಗುಂಪು ಮೆಚ್ಚಿದರೆ ಮುಂದಿನ ವರ್ಷ ಸಾಲಾಗಿ ಕಳಿಸುತ್ತಾರಂತೆ. ಊರಿನ ಹೇಸರಗತ್ತೆಗಳಿಗೂ ಕೆಲಸ ಸಿಗುತ್ತದೆ.

ಈ ಸಲ ನಾನೇ ಬರುತ್ತೇನೆ. ರೊಟ್ಟಿ ನಿನ್ನ ಕೈಯದ್ದೇ ಆಗಬೇಕು ಅಂತ ಬರೆಸಿದ್ದೇನೆ. ಬಾರ್ಲಿ ರೊಟ್ಟಿ, ಹಳೇ ಬೆಣ್ಣೆ. ಭಾವನಿಗೆ ಹೇಳು, ಯಜಮಾನರು ನನ್ನ ಹಲ್ಲನ್ನು ಮಾತ್ರ ಪರೀಕ್ಷೆ ಮಾಡದೆ ಒಳಗೆ ಬಿಡಲಿ.

ಬೀಹಿ

———

ಐತ್ ತಮಾನ್
ಹೊಲದ ಲೆಕ್ಕದಲ್ಲಿ ಜೂನ್ 4, 1994

ಬೀಹಿಗೆ ಸಲಾಂ.

ನಿನ್ನ ಪತ್ರ ಎರಡು ಸಲ ಓದಿದೆ. ಬಾ.

ಹಿಟ್ಟು ಬೀಸಿಟ್ಟಿದ್ದೇನೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಭಾವನಿಗೆ ನೀನು ಬರುವ ವಿಷಯ ಹೇಳಿಲ್ಲ, ಕಂಡಾಗಲೇ ಸಂತೋಷವಾಗಲಿ ಅಂತ. ಇಜ್ಜಾ ದಿನಾ ದಾರಿಯ ತಿರುವಿನವರೆಗೆ ಹೋಗಿ ನೋಡಿಬರುತ್ತಾಳೆ.

ವ್ಯಾನು ಹೊರಟು ನಿಂತಿದೆ, ಹೆಚ್ಚು ಬರೆಯಲು ಹೊತ್ತಿಲ್ಲ.

ತೂದಾ

———

ಮರ್ರಾಕೆಶ್
ಜುಲೈ 6, 1994

ಅಕ್ಕ,

ಮೊದಲು ಬೈದುಬಿಡು, ಆಮೇಲೆ ಓದು. ಬರಲು ಆಗಲಿಲ್ಲ. ಕೊನೇ ಗಳಿಗೆಯಲ್ಲಿ ಇನ್ನೊಂದು ಗುಂಪಿನ ಜೊತೆ ನನ್ನನ್ನು ಮರಳುಗಾಡಿನ ಕಡೆ ಹಾಕಿದರು. ಅದಕ್ಕೇ ಬೆಲ್ಜಿಯಂನವರ ಜೊತೆ ಪಕ್ಕದ ಕಣಿವೆಯ ಅಲ್ಲಾಲ್‌ನನ್ನು ಕಳಿಸಿದ್ದು. ನೌಕರಿ ಅಂದಮೇಲೆ ಹೇಳಿದ ಕಡೆ ಹೋಗಬೇಕಲ್ಲ.

ಅವರು ಮೊನ್ನೆ ವಾಪಸಾದರು. ನಿನ್ನ ರೊಟ್ಟಿಯ ಮಾತೇ ಮಾತು. ಒಬ್ಬ ಹೆಂಗಸು ಎರಡು ರಾತ್ರಿಯೂ ಡೇರೆಯ ಹೊರಗೆ ಹುಲ್ಲಿನ ಮೇಲೇ ಮಲಗಿದಳಂತೆ. ಅಲ್ಲಿಂದ ಇಳಿಯುವಾಗ ಅತ್ತುಬಿಟ್ಟೆ ಅಂದಳು. ಅವಳು ತೆಗೆದ ಒಂದು ಫೋಟೊ ಇದರ ಜೊತೆ ಇಟ್ಟಿದ್ದೇನೆ, ಗಡಿಕಲ್ಲಿನ ಪಕ್ಕ ಭಾವ ನಿಂತಿರುವುದು. ನಗುತ್ತಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾರೆ ಅಂದುಕೊಂಡೆ.

ಕಲ್ಲಿನ ಹತ್ತಿರ ಸ್ವಲ್ಪ ಮಾತಾಯಿತು ಅಂತ ಅಲ್ಲಾಲ್ ಗೊಣಗುತ್ತಿದ್ದ. ಮಾತು ತಾನೇ, ಬಂದುಹೋಗುತ್ತದೆ. ಭಾವ ಏನೂ ಅನ್ನಲಿಲ್ಲ ಅಲ್ಲವಾ? ಊರಲ್ಲಿ ಯಾರಾದರೂ ಏನಾದರೂ ಅಂದರಾ? ಎರಡು ಸಾಲು ಬರೆ. ರೊಟ್ಟಿಯ ಕೂಲಿ ವ್ಯಾನಿನವನ ಕೈಲಿ ಕೊಟ್ಟಿದ್ದೇನೆ.

ಬೀಹಿ

———

ಐತ್ ತಮಾನ್
ಹೊಲದ ಲೆಕ್ಕದಲ್ಲಿ ಜುಲೈ 12, 1994

ಬೀಹಿಗೆ ಸಲಾಂ.

ಎಲ್ಲ ಸರಿಯಾಗಿದೆ.

ನಿನ್ನ ಭಾವ ಈಗ ಮೇಲೆ ಹೋಗುತ್ತಿಲ್ಲ. ಮೊಣಕಾಲು ನೋವು. ಯಜಮಾನಿಕೆ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ. ಕುರಿಗಳನ್ನು ಈ ಬೇಸಿಗೆ ಹೊಳೆಯ ದಂಡೆಯಲ್ಲೇ ಮೇಯಿಸುತ್ತಿದ್ದೇವೆ. ಇಜ್ಜಾ ನೀರಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ, ಮಕ್ಕಳ ಜಗಳ.

ನೀನು ಕೊಟ್ಟ ದುಡ್ಡನ್ನು ವ್ಯಾನಿನವನ ಕೈಲೇ ವಾಪಸ್ ಕಳಿಸಿದ್ದೇನೆ. ಮನೆಗೆ ಬಂದವರಿಗೆ ನಾವು ರೊಟ್ಟಿ ಮಾರುವುದಿಲ್ಲ. ಫೋಟೊ ಚೆನ್ನಾಗಿದೆ.

ತೂದಾ

———

ಮರ್ರಾಕೆಶ್
ಆಗಸ್ಟ್ 13, 1994

ಅಕ್ಕ,

ನಿನ್ನ ಪತ್ರ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ಎಲ್ಲ ಸರಿಯಾಗಿದೆ ಅಂತ ನೀನೇ ಬರೆದಮೇಲೆ ಇನ್ನೇನು. ಎರಡು ದಿನ ಆರು ಹೇಸರಗತ್ತೆ ಮೇಯ್ದರೆ ಅಸ್ಗೂರ್ ಬರಿದಾಗುತ್ತದೆಯೇ. ಅಷ್ಟು ದೊಡ್ಡ ಬಯಲು. ನಾನು ಸುಮ್ಮನೆ ಏನೇನೋ ಅಂದುಕೊಂಡಿದ್ದೆ.

ಭಾವನ ಮೊಣಕಾಲಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ತಿಕ್ಕು. ಬರುವ ವರ್ಷಕ್ಕೆ ಆರು ಗುಂಪು ಅಂತ ಸಿ ಜಮಾಲ್ ಹೇಳುತ್ತಿದ್ದಾರೆ. ಭಾವನನ್ನೇ ಡೇರೆಯ ಕಾವಲಿಗೆ ಇಟ್ಟುಕೊಳ್ಳೋಣ ಅಂದೆ, ಒಪ್ಪಿದರು. ನೋವಿನ ಕಾಲಿಗೆ ಕೂತು ಮಾಡುವ ಕೆಲಸ. ಅವರನ್ನು ಕೇಳಿ ಬರೆ.

ಬೀಹಿ

———

ಮರ್ರಾಕೆಶ್
ಸೆಪ್ಟೆಂಬರ್ 9, 1994

ಅಕ್ಕ,

ಪತ್ರ ಬರಲಿಲ್ಲ. ಕೈಗೇ ಕೊಟ್ಟೆ ಅಂತ ವ್ಯಾನಿನವನು ಆಣೆ ಮಾಡುತ್ತಾನೆ. ಎಣ್ಣೆಯ ಸೀಸೆ ವಾಪಸ್ ತಂದಿದ್ದಾನೆ. ಯಾಕೆ?

ಬೀಹಿ

———

ಮರ್ರಾಕೆಶ್
ಅಕ್ಟೋಬರ್ 4, 1994

ಅಕ್ಕ,

ಈ ಪತ್ರವನ್ನು ಭಾವ ಇಲ್ಲದಾಗ ಓದು.

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಐತ್ ಬೂಗ್ನಾದ ಒಬ್ಬ ಅಕ್ರೋಟು ಮಾರುತ್ತ ಕೂತಿದ್ದ. ನಮ್ಮ ಕಡೆಯ ಮಾತು ಕೇಳಿ ಹತ್ತಿರ ಹೋದೆ. ಕೈತುಂಬ ಅಕ್ರೋಟು ಕೊಟ್ಟು "ಯಾವೂರಪ್ಪ ನಿಂದು?" ಅಂದ. ಐತ್ ತಮಾನ್ ಅಂದೆ.

"ಓ, ಹದಿಮೂರರ ಹಮ್ಮೂನ ಊರು."

"ಯಾವ ಹಮ್ಮೂ?"

"ಅವನೇ ಮಾರಾಯ, ಹುಲ್ಲಿನ ಯಜಮಾನ ಆಗಿದ್ನಲ್ಲ. ಪೇಟೆ ಕ್ಯಾಲೆಂಡರು ನೋಡ್ಕೊಂಡು ಹದಿಮೂರು ದಿನ ಮುಂಚೆ ಬಯಲು ತೆರೆದುಬಿಟ್ಟ. ಎಲ್ಲರೆದುರು ತಾನೇ ಹಾಗಂತ ಒಪ್ಪಿಕೊಂಡ. ಬೇಲಿನೇ ಎದ್ದು ಹೊಲ ಮೇಯ್ತು ಅನ್ನು. ನಮ್ಮೂರ ಹಸುಗೂಸಿಗೂ ಗೊತ್ತು ಹುಲ್ಲಿನ ದಿನ ಹೊಲದ ಲೆಕ್ಕದ್ದು ಅಂತ. ಈಗ ಅವನು ಸಂತೆಗೆ ಬಂದ್ರೆ ಹುಡುಗ್ರು ಹದಿಮೂರರವರೆಗೆ ಎಣಿಸ್ತಾರೆ, ಒಟ್ಟಿಗೆ, ಜೋರಾಗಿ."

ಹೇಳಿ ನಕ್ಕ. ನಾನೂ ನಕ್ಕೆ, ಅಕ್ಕ. ಅವನ ಮುಂದೆ ನಿಂತು ನಾನೂ ನಕ್ಕೆ. ಆಮೇಲೆ ಕೈಯಲ್ಲಿದ್ದ ಅಕ್ರೋಟನ್ನು ಅಲ್ಲೇ ಬಿಟ್ಟು ಬಂದೆ.

ಭಾವ ಲೆಕ್ಕ ತಪ್ಪುವವರಲ್ಲ. ತಪ್ಪಿದವನು ನಾನು. ನಿನ್ನ ಪತ್ರದ ಒಳಗಿನ 28 ಓದಿದೆ, ತಲೆಯ ಮೇಲಿನ ಸಾಲು ಓದಲಿಲ್ಲ. ಪೇಟೆಯಲ್ಲಿ ಮೂರು ವರ್ಷ ಇದ್ದು ಹೊಲದ ಲೆಕ್ಕ ಹದಿಮೂರು ದಿನ ಹಿಂದೆ ನಡೆಯುತ್ತದೆ ಅನ್ನುವುದನ್ನೇ ಮರೆತುಬಿಟ್ಟಿದ್ದೆ. ಇಷ್ಟೇ ಆಗಿದ್ದರೆ ತಪ್ಪು ಅಂತ ಕರೆದು ಕೈ ತೊಳೆದುಕೊಳ್ಳುತ್ತಿದ್ದೆ.

ಆದರೆ ಗುಂಪು ಹೊರಡುವುದಕ್ಕೆ ಹತ್ತು ದಿನ ಇರುವಾಗ ನಿನ್ನ ಪತ್ರವನ್ನು ಮತ್ತೆ ತೆಗೆದೆ, ಇಜ್ಜಾಳ ಚಪ್ಪಲಿಯ ಅಳತೆ ನೋಡಲು. ಆಗ ಮೇಲಿನ ಸಾಲು ಕಣ್ಣಿಗೆ ಬಿತ್ತು. ಬಯಲು ತೆರೆಯುವುದು ಪೇಟೆಯ ಜುಲೈ 11ಕ್ಕೆ. ಸಿ ಜಮಾಲ್ ಹತ್ತಿರ ಓಡಿದೆ. "ಹುಲ್ಲಿಗೆ ಕ್ಯಾಲೆಂಡರು ಬೇರೆ ಇರಬಹುದಪ್ಪ, ವಿಮಾನಕ್ಕೆ ಇಲ್ಲ" ಅಂದರು. ಹಾಗಾದರೆ ಹೇಸರಗತ್ತೆ ಕಲ್ಲಿನ ಹತ್ತಿರವೇ ನಿಲ್ಲಲಿ, ಅಲ್ಲಿಂದ ಮೇಲೆ ಊರಿನ ಆಳುಗಳು ಬೆನ್ನ ಮೇಲೆ ಹೊರಲಿ ಅಂದೆ. "ಅಷ್ಟು ಆಳಿನ ಕೂಲಿ ನೀನು ಕೊಡ್ತೀಯಾ?" ಅಂದರು. ನಾನು ಅಲ್ಲಿಗೇ ಬಿಟ್ಟುಬಿಟ್ಟೆ. ನಿನಗೆ ಒಂದು ಸಾಲು ಬರೆದು ವ್ಯಾನಿಗೆ ಕೊಡಬಹುದಿತ್ತು. ಬರೆಯಲಿಲ್ಲ. ಭಾವ ನೋಡಿಕೊಳ್ಳುತ್ತಾರೆ, ಮನೆಯವರು ತಾನೇ, ಅಂದುಕೊಂಡೆ.

ಇನ್ನೊಂದಿದೆ. ಮರಳುಗಾಡಿಗೆ ನನ್ನನ್ನು ಯಾರೂ ಹಾಕಲಿಲ್ಲ. ನಾನೇ ಕೇಳಿಕೊಂಡು ಹೋದೆ. ಕಲ್ಲಿನ ಹತ್ತಿರ ಭಾವನ ಎದುರು ನಿಲ್ಲುವ ಮುಖ ನನಗಿರಲಿಲ್ಲ. ಆಮೇಲೆ ನಿನಗೆ ಬರೆದ ಪತ್ರಗಳಲ್ಲಿ 'ಏನೂ ಅನ್ನಲಿಲ್ಲ ಅಲ್ಲವಾ' ಅಂತ ಕೇಳಿದ್ದೆಲ್ಲ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದು. ನೀನು ಎಲ್ಲ ಸರಿಯಾಗಿದೆ ಅಂದಾಗ ಅದನ್ನು ನಂಬಿದೆ, ಯಾಕೆಂದರೆ ನನಗೆ ನಂಬುವುದು ಬೇಕಾಗಿತ್ತು.

ಇದರ ಜೊತೆ ಬೇರೆ ಒಂದು ಹಾಳೆ ಇಟ್ಟಿದ್ದೇನೆ. ಊರ ಹಿರಿಯರ ಮುಂದೆ ಯಾರಾದರೂ ಓದಲಿ. ತಪ್ಪು ನನ್ನದು ಅಂತ ಸ್ಪಷ್ಟವಾಗಿ ಬರೆದಿದ್ದೇನೆ. ಆದರೆ ಭಾವ ಯಾಕೆ ಹಾಗೆ ಹೇಳಿದರು? ಅವರಿಗೆ ಏನು ಬಂತು?

ಬೀಹಿ

———

ಐತ್ ತಮಾನ್
ಹೊಲದ ಲೆಕ್ಕದಲ್ಲಿ ಅಕ್ಟೋಬರ್ 8, 1994

ಬೀಹಿ,

ಎರಡನ್ನೂ ಓದಿದೆ. ಊರಿನವರಿಗೆ ಅಂತ ಬರೆದ ಹಾಳೆಯನ್ನು ಯಾರಿಗೂ ಕೊಟ್ಟಿಲ್ಲ. ಹಿಟ್ಟಿನ ಪೆಟ್ಟಿಗೆಯಲ್ಲಿದೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಅವತ್ತು ಸಂಜೆ ನಾನೂ ಇಜ್ಜಾನೂ ರೊಟ್ಟಿಯ ಬುಟ್ಟಿ ಹೊತ್ತು ಮೇಲೆ ಹೋಗಿದ್ದೆವು. ನೀನು ಬರುತ್ತೀಯ ಅಂತ ಅವಳು ಆ ಚಪ್ಪಲಿ ಹಾಕಿಕೊಂಡಿದ್ದಳು. ಬಂದವನು ಅಲ್ಲಾಲ್. ಹಿಂದೆ ಒಂಬತ್ತು ಜನ, ಮುಖ ಬೆಂದು ಕೆಂಪಾಗಿತ್ತು. ನಿನ್ನ ಭಾವ ಕಲ್ಲಿನ ಹತ್ತಿರ ದಾರಿಗೆ ಅಡ್ಡ ನಿಂತು "ಜನ ಹೋಗ್ಲಿ, ಪ್ರಾಣಿ ಇಲ್ಲೇ ನಿಲ್ಲಲಿ" ಅಂದರು.

"ಸರ್ಕಾರದ ಬೆಟ್ಟ ಇದು. ನಿಮ್ಮಪ್ಪಂದಾ?" ಅಂದ ಅಲ್ಲಾಲ್.

"ನಮ್ಮಪ್ಪಂದಾಗಿದ್ರೆ ಬಿಟ್ಟುಬಿಡ್ತಿದ್ದೆ ಕಣಪ್ಪ. ಎಲ್ಲರದ್ದು ಅಂತಾನೇ ನಿಂತಿದೀನಿ."

ಆಗ ಅವನು ನಿನ್ನ ಹೆಸರು ಹೇಳಿದ. ಭಾವ ನನ್ನ ಕಡೆ ತಿರುಗಿದರು. "ಬೀಹಿ ಕಳಿಸಿದ್ದಾ? ಅವನಿಗೆ ದಿನ ಗೊತ್ತಿಲ್ವಾ?" ಅಂದರು. ನಾನು ಆ ಮಾತು ಬಿಟ್ಟು, "ತಮ್ಮನ ಅತಿಥಿಗಳು ರೀ. ಕತ್ತಲಾಗ್ತಿದೆ. ನನ್ನ ತವರಿನ ಮುಖಕ್ಕೆ ಮಸಿ ಬಳೀಬೇಡಿ" ಅಂದೆ. ತವರು ಅಂದಮೇಲೆ ಆ ಮನುಷ್ಯ ಏನು ಮಾಡಿಯಾರು. ಕೈ ಕೆಳಗಿಳಿಯಿತು. ಪಕ್ಕಕ್ಕೆ ಸರಿದು ನಿಂತರು. ಆ ಹೆಂಗಸು ಫೋಟೊ ತೆಗೆದದ್ದು ಆಗಲೇ. ಬಿಸಿಲು ಇರಲಿಲ್ಲ, ಬೀಹಿ. ಸೂರ್ಯ ಮುಳುಗಿಯಾಗಿತ್ತು.

ಆರು ಹೇಸರಗತ್ತೆ ಮೇಯ್ದದ್ದರಿಂದ ಬಯಲು ಹಾಳಾಗಲಿಲ್ಲ. ಆದರೆ ಎದುರು ದಿಣ್ಣೆಯಿಂದ ಐತ್ ಬೂಗ್ನಾದವರು ಅವನ್ನು ನೋಡಿದರು. ಯಜಮಾನನ ಭಾವಮೈದನ ಪ್ರಾಣಿ ಮೇಯಬಹುದಾದರೆ ನಮ್ಮದ್ಯಾಕೆ ಕಾಯಬೇಕು ಅಂತ ಮೂರನೇ ಬೆಳಗ್ಗೆ ಕುರಿಗಳನ್ನು ಒಳಗೆ ಬಿಟ್ಟರು. ಅವರು ಬಿಟ್ಟರು ಅಂತ ನಮ್ಮೂರಿನವರೂ ಬಿಟ್ಟರು. ಭಾವ ಕಲ್ಲಿನಿಂದ ಕಲ್ಲಿಗೆ ಓಡಿದರು. ಕೋಲು ಬೀಸಿದರು, ಕೂಗಿದರು, ಕೊನೆಗೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಒಂದು ವಾರದಲ್ಲಿ ಅಸ್ಗೂರ್ ಕ್ಷೌರ ಮಾಡಿದ ತಲೆ ಆಯಿತು. ಹೂವು ಬೀಜ ಕಟ್ಟಲೇ ಇಲ್ಲ. ಬೀಜ ಉದುರದ ನೆಲ ಬರುವ ವರ್ಷ ಏನು ಕೊಟ್ಟೀತು.

ಸೀದಿ ಮನ್ಸೂರರ ಗೋರಿಯ ಮುಂದೆ ಎರಡೂ ಊರು ಕೂತವು. ಅಂಗಳದ ಗೋಡೆಯಾಚೆ ನಾವು ಹೆಂಗಸರು. ಭಾವ ಎದ್ದು ನಿಂತು, "ಯಾರನ್ನೂ ಕೇಳಬೇಡಿ. ನಾನೇ ಲೆಕ್ಕ ತಪ್ಪಿದೆ, ಪೇಟೆ ತಾರೀಖು ನೋಡಿಬಿಟ್ಟೆ" ಅಂದರು. ಹಿರಿಯರಲ್ಲಿ ಒಬ್ಬನಾದ ದಾ ಬಾಸೂ, "ಹಮ್ಮೂ, ನನ್ನ ಕತ್ತೆಗೂ ಗೊತ್ತಲ್ಲೋ ಆ ದಿನ" ಅಂದ. ಅಲ್ಲಿಂದ ಶುರುವಾದ ನಗು ಇನ್ನೂ ನಿಂತಿಲ್ಲ. ಯಜಮಾನಿಕೆ ಕಿತ್ತುಕೊಂಡರು. ಈ ಬೇಸಿಗೆ ನಮ್ಮ ಕುರಿ ಮೇಲೆ ಹತ್ತಬಾರದು ಅಂದರು. ಹೊಳೆಯ ದಂಡೆಯ ಹುಲ್ಲು ಸಾಲದೆ ಅರ್ಧ ಕುರಿ ಮಾರಿದೆವು. ಮೊಣಕಾಲು ಚೆನ್ನಾಗಿಯೇ ಇದೆ. ಅದಕ್ಕೇ ಎಣ್ಣೆ ವಾಪಸ್ ಕಳಿಸಿದ್ದು.

ಇಜ್ಜಾಳನ್ನು ನೀರಿನ ಊಟೆಯ ಹತ್ತಿರ ಮಕ್ಕಳು 'ಹದಿಮೂರರ ಮಗಳು' ಅನ್ನುತ್ತಾರೆ. ಹನ್ನೆರಡು ಕೊಡ ಬೇರೆಯವರು ತುಂಬಿಕೊಂಡಮೇಲೆ ನಿನ್ನ ಸರದಿ ಅನ್ನುತ್ತಾರೆ.

ಯಾಕೆ ಹಾಗೆ ಹೇಳಿದರು ಅಂತ ನೀನು ಕೇಳಿದ್ದೀಯ. ನಾನೂ ಆ ರಾತ್ರಿ ಕೇಳಿದೆ. "ಬೀಹಿ ಮಾಡಿದ ಅಂದ್ರೆ, ಆಮೇಲೆ ಅವನು ಊರಿಗೆ ಬರೋದು ಹೇಗೆ? ನಾನು ಇಲ್ಲೇ ಇರೋನು, ನಕ್ಕರೆ ನಗ್ಲಿ" ಅಂದರು. ಅಷ್ಟು ಹೇಳಿ ಕಂಬಳಿ ಹೊದ್ದುಕೊಂಡು ಆ ಕಡೆ ತಿರುಗಿ ಮಲಗಿದರು.

ಈಗ ನನ್ನದು ಕೇಳು. ನಿನ್ನ ಪತ್ರ ಓದಿದಾಗ ಮೊದಲು ನನಗೆ ಹಗುರವಾಯಿತು. ತಪ್ಪೆಲ್ಲ ತಮ್ಮನದ್ದು, ಅವನೇ ಬರೆದುಕೊಟ್ಟಿದ್ದಾನೆ ಅಂತ. ಹಾಗೆ ಹಗುರವಾದದ್ದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಗಿದೆ. 28ರ ಮಂಗಳವಾರ ಅಂತ ನೀನು ಬರೆದಿದ್ದೆ. ನಮ್ಮ 28 ಸೋಮವಾರ. ನೀನು ಪೇಟೆಯ ತಾರೀಖು ಹಿಡಿದಿದ್ದೀಯ ಅಂತ ಎರಡನೇ ಸಲ ಓದುವಾಗಲೇ ನನಗೆ ಗೊತ್ತಾಯಿತು. ವ್ಯಾನು ಎದುರಿಗೇ ನಿಂತಿತ್ತು. ಒಂದು ಸಾಲು ಸಾಕಿತ್ತು. ಬರೆದರೆ ಸಿ ಜಮಾಲ್ ಆ ಜನರನ್ನು ಬೇರೆ ಬೆಟ್ಟಕ್ಕೆ ಕಳಿಸುತ್ತಾರೆ, ನೀನು ಬರುವುದಿಲ್ಲ ಅನ್ನಿಸಿತು. ನಿನ್ನ ಮುಖ ನೋಡಿ ಎರಡು ವರ್ಷವಾಗಿತ್ತು. ಮುಚ್ಚಿದ ಹುಲ್ಲು, ಗಂಡನ ಮಾತು, ಎಲ್ಲ ಗೊತ್ತಿದ್ದೂ 'ಬಾ' ಅಂತ ಬರೆದೆ. ನೀನು ಬರಲೂ ಇಲ್ಲ.

ಇದನ್ನು ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ. ದಿನಾ ಎದುರು ಕೂತು ಊಟ ಬಡಿಸುತ್ತೇನೆ.

ಆ ಹಾಳೆ ಯಾಕೆ ಕೊಡಲಿಲ್ಲ ಅಂದರೆ, ಭಾವ ಎಲ್ಲರೆದುರು ನಿಂತು ಬಾಯಿಂದ ಹೇಳಿದ್ದಾರೆ. ಅದನ್ನು ಪೇಟೆಯಲ್ಲಿ ಕೂತವನ ಕಾಗದ ಅಳಿಸುವುದಿಲ್ಲ. ಹೇಳುವುದಿದ್ದರೆ ಬಂದು ಹೇಳು. ಹಿಮ ಬೀಳುವ ಮುಂಚೆ ಹಿರಿಯರು ಕೊನೆಯ ಸಲ ಕೂರುವುದು ನವೆಂಬರ್ 4ಕ್ಕೆ. ಯಾರ ಲೆಕ್ಕದ್ದು ಅಂತ ಈ ಸಲ ನೀನೇ ತಿಳಿದುಕೋ.

ತೂದಾ

———

ಐತ್ ತಮಾನ್
ಹೊಲದ ಲೆಕ್ಕದಲ್ಲಿ ಫೆಬ್ರವರಿ 10, 1995

ತಮ್ಮ ಬೀಹಿಗೆ ಅಕ್ಕನ ಸಲಾಂ.

ನೀನು ಬಂದು ಹೋದ ಮರುದಿನವೇ ಹಿಮ ಶುರುವಾಯಿತು. ಇವತ್ತು ಮೊದಲ ವ್ಯಾನು ಹತ್ತಿ ಬಂದಿದೆ.

ನೀನು ಹಿರಿಯರ ಮುಂದೆ ಮಾತಾಡಿದ್ದನ್ನು ಗೋಡೆಯಾಚೆಯಿಂದ ಕೇಳಿದೆ. ಧ್ವನಿ ಅಪ್ಪನ ಹಾಗೇ ಇದೆ. ನೀನು ದಂಡದ ಕುರಿ ಕೊಡುತ್ತೇನೆ ಅಂದಾಗ ದಾ ಬಾಸೂ ಅಂದನಲ್ಲ, "ಕುರಿ ಬೇಡ. ದುಡಿಮೆ ಇರೋನಿಗೆ ದಂಡ ಸುಲಭ. ಮಾರ್ಚಿಂದ ಜೂನ್‌ವರೆಗೆ ಆ ಕಲ್ಲಿನ ಹತ್ರ ಕಾವಲು ಕೂರ್ಲಿ. ಹುಲ್ಲು ಎಷ್ಟು ನಿಧಾನ ಬೆಳೆಯುತ್ತೆ ಅಂತ ನೋಡ್ಲಿ." ಅದಕ್ಕೆ ನೀನು ಯೋಚಿಸಿ ಬರೆಯುತ್ತೇನೆ ಅಂದು ವ್ಯಾನು ಹತ್ತಿದೆ. ನಿನ್ನ ಕಷ್ಟ ಗೊತ್ತು. ಅಷ್ಟು ತಿಂಗಳು ಬಿಟ್ಟು ಬಂದರೆ ಆ ನೌಕರಿ ನಿನಗಾಗಿ ಕಾಯುವುದಿಲ್ಲ. ಆದರೆ ನೀನು ಹೋದಮೇಲೆ ಊರಿನಲ್ಲಿ ಏನಂದರು ಅನ್ನುವುದನ್ನೂ ಬರೆಯಬೇಕಲ್ಲ. "ನೋಡಿದ್ರಾ, ಭಾವನಿಗೆ ಬಾಯಿ ಇತ್ತು, ಇವನಿಗೆ ಬಸ್ಸು ಇತ್ತು" ಅಂದರು.

ನಾನೂ ಹೇಳಿಬಿಟ್ಟೆ. ಹಿಮ ಬಾಗಿಲವರೆಗೆ ಬಂದಿತ್ತು, ಎಲ್ಲಿಗೂ ಎದ್ದು ಹೋಗುವಂತಿರಲಿಲ್ಲ, ಅವರಿಗೂ ನನಗೂ. ಮಂಗಳವಾರ ಸೋಮವಾರದ ವಿಷಯ ಎಲ್ಲ ಹೇಳಿದೆ. ಚಹಾ ಲೋಟ ಕೆಳಗಿಟ್ಟು, "ಗೊತ್ತಿತ್ತು" ಅಂದರು. ಹೇಗೆ ಅಂದೆ. "ಆ ವಾರ ನೀನು ನಾದಿದ ಹಿಟ್ಟು ನೋಡಿದ್ನಲ್ಲ. ಬಯಲು ಮುಚ್ಚಿದೆ, ಮೂರು ಜನರ ಮನೆ, ಇಷ್ಟೊಂದು ರೊಟ್ಟಿ ಯಾರಿಗೆ ಅಂತ ಅವತ್ತೇ ಕೇಳ್ಬೇಕಿತ್ತು. ನೀನು ಹಾಡು ಗುನುಗ್ತಾ ಇದ್ದೆ, ಕೇಳೋಕೆ ಮನಸ್ಸು ಬರ್ಲಿಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು ಬೀಹಿ. ಮರುದಿನ ಹಿಮ ಗೋರುವಾಗ ಇನ್ನೊಂದು ಸಲಿಕೆ ತಾ ಅಂದರು. ಅಷ್ಟೇ.

ಹೆಸರು ಮಾತ್ರ ಹೋಗಲಿಲ್ಲ. ನಿಜ ಎಲ್ಲರಿಗೂ ಗೊತ್ತಾದರೂ ನಾಲಿಗೆಗೆ ಅಂಟಿದ್ದು ಅಂಟಿತು. ಮೊನ್ನೆ ಚಿಕ್ಕಪ್ಪನೇ, ಆಡಿನ ಕೋಪ ಮರೆತು ಪ್ರೀತಿಯಿಂದ, "ಏ ಹದಿಮೂರು, ಬಾ ಚಹಾ ಕುಡಿಯೋಣ" ಅಂತ ಕರೆದ. ಈಗ ನಮ್ಮ ಮನೆಗೇ ಹದಿಮೂರರ ಮನೆ ಅಂತ ಹೆಸರಾಗಿದೆ. ನೀನೂ ಅದರಲ್ಲಿ ಸೇರಿದ್ದೀಯ. ಇಜ್ಜಾ ಮಾತ್ರ ಈಗ ನೀರಿಗೆ ಹೋಗುತ್ತಾಳೆ. ಹನ್ನೆರಡು ಕೊಡ ಕಾಯದೆ ಮುಂದೆ ನುಗ್ಗುತ್ತಾಳಂತೆ.

ಭಾವ ಒಂದು ಮಾತು ಕೇಳಿ ಬರೆಯಲು ಹೇಳಿದ್ದಾರೆ. ಈ ವರ್ಷ ಬಯಲು ಮುಚ್ಚುವ ದಿನ ಯಾವುದು ಅಂತ ಬೀಹಿ ಲೆಕ್ಕ ಹಾಕಿ ಬರೆಯಲಿ ಅಂದರು.

ತೂದಾ

———

ಮರ್ರಾಕೆಶ್
ಹೊಲದ ಲೆಕ್ಕದಲ್ಲಿ ಫೆಬ್ರವರಿ 25, 1995

ಅಕ್ಕನಿಗೆ ಬೀಹಿಯ ಸಲಾಂ.

ಭಾವನಿಗೆ ಹೇಳು: ಮುಚ್ಚುವುದು ಮಾರ್ಚ್ 15. ಪೇಟೆಯವರು ಅವತ್ತನ್ನು 28 ಅನ್ನುತ್ತಾರೆ, ಮಂಗಳವಾರ. ಬೆರಳಲ್ಲಿ ಎಣಿಸಿದೆ, ಆಮೇಲೆ ಮಸೀದಿಯ ಹತ್ತಿರ ಬೀಜ ಮಾರುವ ಮುದುಕನನ್ನೂ ಕೇಳಿದೆ.

ಸಿ ಜಮಾಲ್‌ಗೆ ನಿನ್ನೆ ಹೇಳಿದೆ. "ಹುಲ್ಲು ಕಾಯೋಕಾ?" ಅಂತ ಎರಡು ಸಲ ಕೇಳಿದರು. ಹೌದು ಅಂದೆ. ವಾಪಸ್ ಬಂದಾಗ ಜಾಗ ಇರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡ ಅಂದರು. ಗೋಡೆಯ ಮೇಲೆ ಅಸ್ಗೂರಿನ ಚಿತ್ರ ಇನ್ನೂ ಇದೆ, ಯಾರ ಬೇಲಿಯೂ ಇಲ್ಲದ ಬಯಲು ಅಂತ. ಅದರ ಕೆಳಗೆ ಹಾದುಹೋಗುವಾಗೆಲ್ಲ ಭಾವ ಅಡ್ಡ ಚಾಚಿದ ಕೈ ಕಾಣುತ್ತದೆ. ನಾನು ಅಲ್ಲಿರಲಿಲ್ಲ, ಆದರೂ ಕಾಣುತ್ತದೆ.

ಕಾವಲು ಕೂತರೆ ಹುಲ್ಲು ಬಂದೀತು, ಮಾರಿದ ಕುರಿ ಬರುವುದಿಲ್ಲ, ಭಾವನ ಹಳೆಯ ಹೆಸರೂ ಬರುವುದಿಲ್ಲ. ಅದು ನನಗೆ ಗೊತ್ತು. ಸಂತೆಯಲ್ಲಿ ಹುಡುಗರು ಎಣಿಸುವಾಗ ಇನ್ನು ಮೇಲೆ ಅವರ ಪಕ್ಕದಲ್ಲಿ ನಾನೂ ನಿಂತಿರುತ್ತೇನೆ. ಅಷ್ಟು ಮಾತ್ರ ನನ್ನ ಕೈಲಾಗುವುದು.

ಕಲ್ಲುಗಳಿಗೆ ಸುಣ್ಣ ಬಳಿಯುವುದಿರುತ್ತದಲ್ಲ, ಒಂದು ದಿನ ಮುಂಚೆ 14ಕ್ಕೇ ಬರುತ್ತೇನೆ. ರೊಟ್ಟಿ ಹೆಚ್ಚು ಸುಡಬೇಡ. ಈ ಸಲ ನಾನೊಬ್ಬನೇ ಬರುತ್ತಿದ್ದೇನೆ.

ಬೀಹಿ